ಹೆಂಚೋ ಶೀಟೋ ತಾರಸಿಯೋ: ಮಾಡಿನ ಲೆಕ್ಕ ಇಳಿಜಾರಿನಿಂದ ಶುರುವಾಗಲಿ

ಕಡೂರಿನಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ. ಅದೇ ಜಿಲ್ಲೆಯ ಶೃಂಗೇರಿಯಲ್ಲಿ 3,000 ಮಿ.ಮೀ. ದಾಟುತ್ತದೆ. ಅರಸೀಕೆರೆಗೂ ಸಕಲೇಶಪುರಕ್ಕೂ ಇಂಥದೇ ಅಂತರ. ಹಾಸನದ ಬಡಾವಣೆಯಲ್ಲಿ ಚೆಂದ ಕಂಡ ಮನೆಯ ನಕ್ಷೆಯನ್ನು ಹಾಗೇ ಒಯ್ದು ಮೂಡಿಗೆರೆಯಲ್ಲಿ ಕಟ್ಟಿಸಿದರೆ ಗೋಡೆಗೆ ನೀರಿಳಿಯಲು ಹೆಚ್ಚು ಕಾಲ ಬೇಕಿಲ್ಲ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಇಳಿಜಾರು ಎಷ್ಟೆಂದು ತೀರ್ಮಾನಿಸಿ. ಮಲೆನಾಡಿನ ಹೆಂಚಿನ ಮಾಡಿಗೆ 30 ಡಿಗ್ರಿ ಬೇಕು. ಅಂದರೆ ಅಡ್ಡಕ್ಕೆ ಒಂದು ಅಡಿ ಹೋದರೆ 7 ಇಂಚು ಏರಬೇಕು. ಶೀಟಿಗೆ ಅಡಿಗೆ 2ರಿಂದ 3 ಇಂಚು ಸಾಕು. 7 ಇಂಚಿನ ಏರು ಕೊಡಲು ಜಾಗವಿಲ್ಲದಿದ್ದರೆ ಹೆಂಚಿನ ಆಸೆ ಅಲ್ಲಿಗೇ ಬಿಡಿ.

ಹೆಂಚು

ಮಂಗಳೂರು ಹೆಂಚು ಚದರ ಮೀಟರಿಗೆ ಸುಮಾರು 15 ಹಿಡಿಯುತ್ತದೆ. ಸೂರಿನ ಚಾಚು ಸೇರಿ ನೆಲದಳತೆ 1,000 ಚದರಡಿ ಇದ್ದರೆ 30 ಡಿಗ್ರಿ ಮಾಡಿನ ಮೈ 1,155 ಚದರಡಿ ಆಗುತ್ತದೆ. ಅದಕ್ಕೆ 1,600ಕ್ಕೂ ಮೇಲೆ ಹೆಂಚು. ಒಡೆಯುವುದನ್ನೂ ಲೆಕ್ಕ ಹಿಡಿದು 1,700 ತರಿಸಿ. ನೆತ್ತಿಯ ಬಾಗು ಹೆಂಚು ಬೇರೆ.

ಲಾರಿಯಿಂದ ಇಳಿಸುವಾಗಲೇ ನಾಲ್ಕಾರು ಹೆಂಚು ಪರೀಕ್ಷಿಸಿ. ಬೆರಳ ಗೆಣ್ಣಿನಿಂದ ಬಡಿದರೆ ಕಣಕಣ ಎನ್ನಬೇಕು. ಮಂಕು ಸದ್ದು ಬಂದರೆ ಬಿರುಕು ಬಿಟ್ಟಿದೆ, ಇಲ್ಲವೇ ಸರಿಯಾಗಿ ಬೆಂದಿಲ್ಲ. ಒಣ ಹೆಂಚನ್ನು ತೂಗಿ, ಒಂದು ದಿನ ನೀರಲ್ಲಿ ಮುಳುಗಿಸಿಟ್ಟು, ಮೇಲಿನ ನೀರು ಒರೆಸಿ ಮತ್ತೆ ತೂಗಿ. ಎರಡೂವರೆ ಕಿಲೋ ಹೆಂಚು ಮೂರು ಕಿಲೋ ದಾಟಿದರೆ ವಾಪಸ್ ಕಳಿಸಿ. ಹೆಚ್ಚು ನೀರು ಕುಡಿಯುವ ಹೆಂಚು ಬೇಗ ಪಾಚಿ ಹಿಡಿಯುತ್ತದೆ, ಮರದ ಮೇಲೆ ಭಾರವನ್ನೂ ಹೇರುತ್ತದೆ.

ಹೆಂಚು ಕೂರುವ ಅಡ್ಡ ಮರಪಟ್ಟಿ, ಅಂದರೆ ರೀಪಿನ ಅಂತರ ಸಾಮಾನ್ಯವಾಗಿ 12ರಿಂದ 13 ಇಂಚಿನೊಳಗೆ. ಆದರೆ ಬಡಗಿಗೆ ಬಾಯಿಮಾತಿನಲ್ಲಿ ಅಳತೆ ಹೇಳಬೇಡಿ. ಹೆಂಚು ಬಂದ ಮೇಲೆ ಹತ್ತನ್ನು ನೆಲದಲ್ಲಿ ಒಂದಕ್ಕೊಂದು ಕೂರಿಸಿ, ಒಮ್ಮೆ ಬಿಗಿಯಾಗಿ ಒತ್ತಿ, ಒಮ್ಮೆ ಸಡಿಲಿಸಿ ಅಳೆದು ನಡುವಿನ ಅಳತೆಗೆ ರೀಪು ಹೊಡೆಸಿ. ಕಾರ್ಖಾನೆಯಿಂದ ಕಾರ್ಖಾನೆಗೆ ಅಳತೆ ಬದಲಾಗುತ್ತದೆ. ಕಾಲಿಂಚು ತಪ್ಪಿದರೂ ಮೇಲಿನ ಸಾಲುಗಳಿಗೆ ಹೋಗುವಷ್ಟರಲ್ಲಿ ಕೊಂಡಿ ಕೂರುವುದಿಲ್ಲ. ಸೂರಿನ ಕೊನೆಯ ರೀಪನ್ನು ಹೆಂಚಿನ ದಪ್ಪದಷ್ಟು ಎತ್ತರಿಸಬೇಕು. ಅಲ್ಲಿನ ಹೆಂಚಿಗೆ ಕೆಳಗಡೆ ಇನ್ನೊಂದು ಹೆಂಚಿನ ಆಸರೆ ಇರುವುದಿಲ್ಲವಾಗಿ, ಎತ್ತರಿಸದಿದ್ದರೆ ತುದಿ ಕೆಳಗೆ ಬಾಗಿ ಸಾಲಿನ ನಡುವೆ ಬಾಯಿ ಬಿಡುತ್ತದೆ. ಸೂರಿನಿಂದ ನೆತ್ತಿಯ ಕಡೆಗೆ, ಎರಡೂ ಮಗ್ಗುಲಲ್ಲಿ ಸರಿಸಮನಾಗಿ ಹೊದೆಸುತ್ತ ಹೋಗಿ.

ಹೆಂಚಿನ ಮನೆ ತಂಪು, ಮಳೆಯ ಸದ್ದೂ ಕಡಿಮೆ. ಒಂದು ಒಡೆದರೆ ಅದೊಂದನ್ನೇ ಬದಲಿಸಿದರಾಯಿತು. ಆದರೆ ಮಂಗಗಳ ಕಾಟ ಇರುವ ಕಡೆ, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲು ಆಳು ಸಿಗದ ಕಡೆ, ಇದನ್ನು ನಂಬಿ ಕೂರುವುದು ಕಷ್ಟ.

ಶೀಟು

ವಾಸದ ಮನೆಗೆ ಬಣ್ಣ ಲೇಪಿಸಿದ 0.50 ಮಿ.ಮೀ. ಶೀಟೇ ಇರಲಿ. ತೆಳು ಶೀಟು ಕಾಲಿಟ್ಟಲ್ಲಿ ತಗ್ಗಾಗುತ್ತದೆ, ತಗ್ಗಿನಲ್ಲಿ ನೀರು ನಿಲ್ಲುತ್ತದೆ. ನೆತ್ತಿಯಿಂದ ಸೂರಿನವರೆಗೆ ಒಂದೇ ಉದ್ದಕ್ಕೆ ಕತ್ತರಿಸಿ ಕೊಡಲು ಹೇಳಿದರೆ ನಡುವೆ ಜೋಡಣೆಯೇ ಬರುವುದಿಲ್ಲ. ನಮ್ಮಲ್ಲಿ ಮುಂಗಾರಿನ ಗಾಳಿ ಪಡುವಣದಿಂದ. ಹಾಗಾಗಿ ಮೂಡಣ ತುದಿಯಿಂದ ಹಾಕಲು ಶುರುಮಾಡಿ. ಆಗ ಮೇಲಿನ ಶೀಟಿನ ಅಂಚು ಗಾಳಿಗೆ ಬೆನ್ನು ಹಾಕಿರುತ್ತದೆ, ಇರಚಲು ಒಳನುಗ್ಗದು.

ಸ್ಕ್ರೂ ನೀರು ಹರಿಯುವ ತಗ್ಗಿನಲ್ಲಿ ಬೇಡ, ಏರಿನ ಮೇಲೆ ನೆಟ್ಟಗೆ ಇಳಿಯಲಿ. ರಬ್ಬರ್ ವಾಷರ್ ಅಂಚಿನಲ್ಲಿ ತುಸು ಉಬ್ಬಿದೊಡನೆ ನಿಲ್ಲಿಸಿ; ಇನ್ನೂ ಬಿಗಿದರೆ ರಬ್ಬರ್ ಸೀಳಿ ಒಂದೆರಡು ಬೇಸಿಗೆಯಲ್ಲೇ ಸೋರಿಕೆ. ಶೀಟಿನ ಮೇಲೆ ಗ್ರೈಂಡರ್ ಓಡಿಸಲು ಬಿಡಲೇಬೇಡಿ. ಹಾರುವ ಕಿಡಿ ಬಣ್ಣ ಸುಟ್ಟು ಅಂಟಿಕೊಂಡು, ಮೊದಲ ಮಳೆಗೇ ಕೆಂಪು ಚುಕ್ಕಿಗಳೇಳುತ್ತವೆ. ತಗಡು ಕತ್ತರಿ ಬಳಸಿ, ಸ್ಕ್ರೂ ಕೊರೆದ ಚೂರುಗಳನ್ನು ಅಂದೇ ಗುಡಿಸಿ.

ಇಲ್ಲಿ ತೋಟದ ಮನೆಯವರು ಗಮನಿಸಬೇಕಾದ ಮಾತೊಂದಿದೆ. ಅಡಿಕೆಗೆ, ಕಾಫಿಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ಅದು ಸತುವಿನ ಲೇಪವನ್ನೂ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ. ಮರ ಮಾಡಿನ ಮೇಲೆ ಚಾಚಿದ್ದರೆ ಔಷಧಿ ಹೊಡೆದ ದಿನವೇ ಶೀಟಿಗೆ ನೀರು ಬಿಟ್ಟು ತೊಳೆಯಿರಿ.

ಶೀಟಿನ ಹಗುರವೇ ಅದರ ಅಪಾಯ ಕೂಡ. ನೆನೆದ ಹೆಂಚು ಚದರಡಿಗೆ ನಾಲ್ಕು ಕಿಲೋ ಮೀರಿ ತೂಗಿದರೆ ಶೀಟು ಅರ್ಧ ಕಿಲೋನೂ ಇಲ್ಲ. ಏಪ್ರಿಲ್–ಮೇ ತಿಂಗಳ ಬಿರುಗಾಳಿಗೆ ಹಾರುವುದು ಸೂರಿನ ಅಂಚಿನಿಂದಲೇ. ಅಲ್ಲಿ ಪ್ರತಿ ಏರಿಗೂ ಸ್ಕ್ರೂ ಬೀಳಲಿ. ಶೀಟು ಹೊರುವ ಚೌಕಟ್ಟನ್ನು, ಅಂದರೆ ಟ್ರಸ್ಸನ್ನು, ಗೋಡೆಯ ಮೇಲೆ ಸುಮ್ಮನೆ ಕೂರಿಸದೆ ಕಾಂಕ್ರೀಟಿಗೆ ಬೋಲ್ಟ್ ಹಾಕಿ ಬಿಗಿಸಿ.

ಕಲ್ನಾರಿನ ಸಿಮೆಂಟ್ ಶೀಟು ಅಗ್ಗವಾದರೂ ಮನೆಗೆ ಬೇಡ. ಕತ್ತರಿಸುವಾಗ, ಒಡೆಯುವಾಗ ಏಳುವ ಧೂಳು ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದು. ಹಳೆಯದನ್ನು ತೆಗೆಸುವುದಾದರೆ ನೀರಲ್ಲಿ ನೆನೆಸಿ, ಒಡೆಯದೆ ಇಡಿಯಾಗಿ ಇಳಿಸಿ.

ತಾರಸಿ

5 ಇಂಚಿನ ಕಾಂಕ್ರೀಟು ಚದರಡಿಗೆ ಸುಮಾರು 29 ಕಿಲೋ. ಇಷ್ಟು ಭಾರ ಹೊರುವ ಅಡಿಪಾಯದ ಖರ್ಚನ್ನೂ ಸೇರಿಸಿಯೇ ಹೋಲಿಸಿ. ಮೇಲೆ ಹತ್ತು ಅಡಿಗೆ 2 ಇಂಚು ಇಳುಕಲು ಕೊಡಿ. ನೀರು ಹೊರಹೋಗಲು 4 ಇಂಚಿನ ಪೈಪು ಕನಿಷ್ಠ ಎರಡಿರಲಿ. ತರಗೆಲೆ ಸಿಕ್ಕಿ ಒಂದು ಕಟ್ಟಿಕೊಂಡರೂ ಇನ್ನೊಂದು ಹರಿಯುತ್ತದೆ. ನೀರುನಿರೋಧಕ ಲೇಪ ಮುಗಿದ ಮೇಲೆ ಬದು ಕಟ್ಟಿ 2 ಇಂಚು ನೀರನ್ನು 48 ಗಂಟೆ ನಿಲ್ಲಿಸಿ, ಕೆಳಗಿನಿಂದ ಮೂಲೆ ಮೂಲೆ ನೋಡಿ.

ಬಯಲುಸೀಮೆಗೆ ಇಷ್ಟು ಸಾಕು. ಕೊಪ್ಪ, ಶೃಂಗೇರಿ, ಸಕಲೇಶಪುರದ ಕಡೆ ತಾರಸಿ ಹಾಕಿಸಿದವರು ಇಂದಲ್ಲ ನಾಳೆ ಅದರ ಮೇಲೆ ಶೀಟು ಹೊದೆಸುತ್ತಾರೆ. ಅದಕ್ಕೆ ಕಂಬದ ಕಾಂಕ್ರೀಟು ಹಾಕುವಾಗಲೇ ಟ್ರಸ್ಸಿನ ಬೋಲ್ಟುಗಳನ್ನು ಹುದುಗಿಸಿ, ತುಕ್ಕು ಹಿಡಿಯದಂತೆ ಗ್ರೀಸ್ ಬಳಿದು ಪೈಪಿನ ತುಂಡು ಮುಚ್ಚಿಡಿ. ಆಮೇಲೆ ತಾರಸಿ ಕೊರೆದರೆ ಲೇಪ ಹರಿದು, ಕೊರೆದ ತೂತಿನಿಂದಲೇ ನೀರಿಳಿಯುತ್ತದೆ.