ಜಿಮ್ನಿಗೆ ಎ.ಟಿ. ಟೈರ್ ಹಾಕಿಸುವಾಗ ನಾನು ನೋಡಿದ್ದು

ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟಕ್ಕೆ ಮಾರುತಿ ಜಿಮ್ನಿ ಬಂದಾಗಿನಿಂದ ಎಲ್ಲರೂ ಕೇಳುತ್ತಿದ್ದದ್ದು ಒಂದೇ, "ಟೈರ್ ಯಾವಾಗ ಬದಲಾಯಿಸ್ತೀರಿ?" ಕಂಪನಿಯಿಂದ ಬರುವುದು 195/80 ಆರ್15 ಅಳತೆಯ ಎಚ್.ಟಿ. ಟೈರ್, ಡಾಂಬರು ರಸ್ತೆಗೆಂದೇ ಮಾಡಿದ್ದು. ಡಾಂಬರಿನ ಮೇಲೆ ಅದರ ಬಗ್ಗೆ ನನ್ನ ತಕರಾರೇನೂ ಇಲ್ಲ. ಹಗುರ, ಸದ್ದು ಕಮ್ಮಿ, ಮೈಲೇಜ್ ಕೊಡುತ್ತದೆ. ಆದರೆ ಜೂನ್ ಮಳೆ ಹಿಡಿದ ಮೇಲೆ ತೋಟದ ಇಳಿಜಾರಿನ ಕೆಂಪು ಮಣ್ಣು ಅದರ ಸಣ್ಣ ಗೆರೆಗಳಲ್ಲಿ ತುಂಬಿಕೊಂಡು ಮೆತ್ತಿಬಿಡುತ್ತದೆ, ಆಮೇಲೆ ಫೋರ್ ವ್ಹೀಲ್ ಹಾಕಿ, ಲೋ ಗೇರ್ ಹಾಕಿ, ಏನೇ ಮಾಡಿ, ಎರಡು ಚಕ್ರ ಜಾರುವ ಬದಲು ನಾಲ್ಕೂ ಜಾರುತ್ತವೆ ಅಷ್ಟೇ. ಎಂಜಿನ್ನಿನ ಶಕ್ತಿಯನ್ನು ನಾಲ್ಕು ಕಡೆ ಹಂಚುವುದು ಗಾಡಿಯ ಕೆಲಸ, ನೆಲ ಹಿಡಿಯುವುದು ಟೈರಿನ ಕೆಲಸ.

ಟೈರ್ ಅಂಗಡಿಗೆ ಹೋದರೆ ಮೊದಲು ತೋರಿಸುವುದೇ ಎಂ.ಟಿ., ಅಂದರೆ ಕೆಸರಿನ ಟೈರ್. "ಹಾಕ್ಸಿ ಬಿಡಿ ಸಾರ್, ಲುಕ್ಕೇ ಬೇರೆ ಬರುತ್ತೆ." ಲುಕ್ ಬರುತ್ತದೆ, ನಿಜ. ಆದರೆ ನನ್ನ ಗಾಡಿ ಓಡುವುದು ಎಲ್ಲಿ? ಹೆಚ್ಚಿನ ಪಾಲು ಚಿಕ್ಕಮಗಳೂರು ರಸ್ತೆ, ಆಗಾಗ ಚಾರ್ಮಾಡಿ ಇಳಿದು ಮಂಗಳೂರು, ಉಳಿದದ್ದು ತೋಟದೊಳಗೆ. ತೋಟದಲ್ಲೂ ಆಳದ ಕೆಸರಿಗಿಂತ ಕಾಟ ಕೊಡುವುದು ಪಾಚಿ. ಕಾಂಕ್ರೀಟ್ ಹಾಕಿದ ಏರು, ನೆರಳಲ್ಲಿ ಒಣಗದ ಕಲ್ಲು, ಸಿಲ್ವರ್ ಓಕ್ ಎಲೆ ಕೊಳೆತು ಹಾಸಿದ ದಾರಿ. ಇಂಥ ಕಡೆ ಎಂ.ಟಿ.ಯ ದಪ್ಪ ದಪ್ಪ ರಬ್ಬರ್ ಗಟ್ಟಿಗಳಿಂದ ಲಾಭ ಕಮ್ಮಿ, ಏಕೆಂದರೆ ಅವುಗಳ ನಡುವಿನ ಖಾಲಿ ಜಾಗ ದೊಡ್ಡದು, ಗಟ್ಟಿ ನೆಲಕ್ಕೆ ತಾಗುವ ರಬ್ಬರ್ ಕಡಿಮೆ. ಇಲ್ಲಿ ಬೇಕಾದ್ದು ಪ್ರತಿ ಗಟ್ಟಿಯ ಮೇಲೂ ಬ್ಲೇಡಿನಲ್ಲಿ ಗೀರಿದಂತೆ ಇರುವ ಸಣ್ಣ ಸೀಳುಗಳು. ಸೈಪ್ ಅನ್ನುತ್ತಾರೆ. ಟೈರ್ ಉರುಳುವಾಗ ಸೀಳು ಬಾಯಿ ತೆರೆದು, ಅದರ ಅಂಚು ನೀರಿನ ಪದರವನ್ನು ಕತ್ತರಿಸಿ ಕಲ್ಲನ್ನು ಮುಟ್ಟುತ್ತದೆ. ಚಾರ್ಮಾಡಿಯ ಮಳೆಯ ತಿರುವುಗಳಲ್ಲಿ ಬ್ರೇಕ್ ಒತ್ತಿದಾಗಲೂ ಬೇಕಾಗುವುದು ಇದೇ.

ಎರೆ ಮಣ್ಣಿನ ಕಡೆಯವರ ಲೆಕ್ಕ ಬೇರೆ. ಗದಗದ ಹತ್ತಿರ ನಮ್ಮ ಭಾವನ ಹೊಲ ಇದೆ. ಮಳೆ ಬಿದ್ದ ಮರುದಿನ ಅಲ್ಲಿ ಎಂ.ಟಿ. ಟೈರೂ ಸೋಲುತ್ತದೆ, ಮಣ್ಣು ಮಡ್‌ಗಾರ್ಡ್ ತನಕ ಅಂಟಿಕೊಂಡು ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಅಲ್ಲಿ ಟೈರ್ ಬದಲಾಯಿಸುವುದಕ್ಕಿಂತ ಎರಡು ದಿನ ಬಿಸಿಲಿಗೆ ಕಾಯುವುದೇ ಸರಿ.

ನನ್ನ ದಾರಿಗೆ ಬೇಕಾದ ಆ ಸೀಳುಗಳು ಇರುವುದು ಎ.ಟಿ.ಯಲ್ಲಿ, ಅಂದರೆ ಡಾಂಬರು, ಮಣ್ಣು ಎರಡಕ್ಕೂ ಆಗುವ ಟೈರಿನಲ್ಲಿ. ಹಾಗಾಗಿ ಅದೇ ಅಂತ ತೀರ್ಮಾನ ಮಾಡಿದೆ. ಮುಂದಿನ ಪ್ರಶ್ನೆ ಅಳತೆ. 195/80 ಆರ್15ರಲ್ಲಿ ಎ.ಟಿ. ಸಿಗುತ್ತದೆ, ಆದರೆ ಆಯ್ಕೆ ಕಡಿಮೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್‌ಗಳ ಆಮದಿಗೆ ನಿರ್ಬಂಧ ಹಾಕಿತಲ್ಲ, ಅದರಿಂದ ಇಂಥ ಅಪರೂಪದ ಅಳತೆಯನ್ನು ಹೊರಗಿನಿಂದ ತರಿಸುವುದು ಇನ್ನೂ ಕಷ್ಟ. ನಾನು 215/75 ಆರ್15 ಆರಿಸಿಕೊಂಡೆ. ಕಾರಣ ಅಗಲ ಅಲ್ಲ, ಬೊಲೆರೊ! ಬೊಲೆರೊದ ಅಳತೆಯೂ ಅದೇ. ಮಲೆನಾಡಿನ ಯಾವ ಊರಿನಲ್ಲಿ ಬೊಲೆರೊ ಇಲ್ಲ ಹೇಳಿ? ಟೈರಿನ ಸೈಡ್‌ವಾಲ್, ಅಂದರೆ ಪಕ್ಕದ ಗೋಡೆ, ಹರಿದರೆ ಪಂಚರ್ ಹಾಕಲು ಬರುವುದಿಲ್ಲ, ಹೊಸದೇ ಬೇಕು. ತೋಟದ ದಾರಿಯಲ್ಲಿ ಕಡಿದ ಗಿಡದ ಕೂಳೆ ಚುಚ್ಚಿದರೆ ಆಗುವುದೇ ಅದು. ಆಗ ಕೊಟ್ಟಿಗೆಹಾರದಂಥ ಕಡೆಯೂ ತಾತ್ಕಾಲಿಕಕ್ಕೆ ಒಂದು ಟೈರ್ ಸಿಕ್ಕೀತು ಅನ್ನುವ ಧೈರ್ಯ ಇರುತ್ತದೆ.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ಹಳೆಯ ಟೈರಿನ ವ್ಯಾಸ ಸುಮಾರು 693 ಮಿ.ಮೀ., ಹೊಸದು ಸುಮಾರು 703. ಹೆಚ್ಚೆಂದರೆ ಶೇಕಡಾ 1.5ರಷ್ಟು ವ್ಯತ್ಯಾಸ. ಸ್ಪೀಡೋಮೀಟರ್ ಅಷ್ಟೇ ಪ್ರಮಾಣದಲ್ಲಿ ಕಡಿಮೆ ತೋರಿಸುತ್ತದೆ, ಗಾಡಿಯ ಎತ್ತರ ಅದರ ಅರ್ಧ, ಅಂದರೆ 5 ಮಿ.ಮೀ. ಏರುತ್ತದೆ. ಐದು ಮಿಲಿಮೀಟರ್‌ಗೆ ಹಿಗ್ಗುವುದೇನೂ ಬೇಡ. ಕಂಪನಿಯ ಅಲಾಯ್ ರಿಮ್ಮಿಗೇ ಕೂತಿತು, ಫೆಂಡರಿನಿಂದ ಹೊರಗೆ ಚಾಚಲಿಲ್ಲ. ಇದಕ್ಕಿಂತ ದೊಡ್ಡದಕ್ಕೆ ನಾನು ಕೈ ಹಾಕುತ್ತಿರಲಿಲ್ಲ. 1.5 ಲೀಟರ್ ಎಂಜಿನ್, 134 ನ್ಯೂಟನ್ ಮೀಟರ್ ಟಾರ್ಕ್. ದೊಡ್ಡ ಚಕ್ರ ಕಟ್ಟಿದರೆ ಏರಿನಲ್ಲಿ ಸುಮ್ನೆ ಒಂದು ಗೇರ್ ಕಳೆದುಕೊಂಡಂತೆ. ಅಂದಹಾಗೆ, ಅಳತೆ ಬದಲಾಯಿಸಿದ್ದನ್ನು ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿದ್ದೇನೆ, ನೀವೂ ತಿಳಿಸಿ.

ಈಗ ಯಾರೂ ಸರಿಯಾಗಿ ಹೇಳದ ವಿಷಯ, ತೂಕ. ಒಂದೇ ಅಳತೆಯ ಎ.ಟಿ. ಟೈರ್ ಎರಡು ಬಗೆಯಲ್ಲಿ ಬರುತ್ತದೆ. ಒಂದು ಸಾಮಾನ್ಯ ಗಾಡಿಗೆ, ಇನ್ನೊಂದು ಹೊರೆ ಹೊರುವ ಗಾಡಿಗೆ. ಎರಡನೆಯದಕ್ಕೆ ಅಳತೆಯ ಮುಂದೆ ಎಲ್.ಟಿ. ಅಂತ ಇರುತ್ತದೆ. ಗೆಳೆಯರೊಬ್ಬರು ಎಲ್.ಟಿ. ತಂದಿದ್ದರು. ಕಾಫಿ ಮೂಟೆ ತೂಗುವ ಯಂತ್ರದ ಮೇಲೆ ಅದನ್ನೂ ಸಾಮಾನ್ಯದ್ದನ್ನೂ ಇಟ್ಟು ನೋಡಿದೆವು, ಒಂದೊಂದಕ್ಕೆ ಎರಡು ಕೆಜಿಗಿಂತ ಜಾಸ್ತಿ ಫರಕು. ಎಲ್.ಟಿ. ಗಟ್ಟಿಮುಟ್ಟು ಅಂತ ಎಲ್ಲರೂ ಹೊಗಳುತ್ತಾರೆ. ಎರಡು ಟನ್ನಿನ ಗಾಡಿಗೆ ಸರಿ. ಜಿಮ್ನಿ ತೂಗುವುದು 1,200 ಕೆಜಿ ಆಸುಪಾಸು. ಅಷ್ಟು ಹಗುರದ ಗಾಡಿಯ ಕೆಳಗೆ ಗಡುಸು ಟೈರ್ ಬಾಗುವುದೇ ಇಲ್ಲ. ಬಾಗದ ಟೈರ್ ಕಲ್ಲಿನ ಮೇಲೆ ಹರಡಿ ಹಿಡಿಯುವುದಿಲ್ಲ, ಪುಟಿಯುತ್ತದೆ, ಕೂತವರ ಸೊಂಟಕ್ಕೆ ಅದರ ಪೆಟ್ಟು. ಹಿಂಬಾಗಿಲಿಗೆ ನೇತುಹಾಕಿದ ಸ್ಟೆಪ್ನಿಯ ಭಾರವನ್ನು ಆ ಬಾಗಿಲಿನ ಕೀಲುಗಳೇ ಹೊರಬೇಕು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೊನೆಗೆ ಯೊಕೊಹಾಮಾ ಜಿಯೋಲ್ಯಾಂಡರ್ ಎ/ಟಿ ಜಿ015 ತೆಗೆದುಕೊಂಡೆ, ಪಕ್ಕದಲ್ಲಿ 100ಎಸ್ ಅಂತ ಇದ್ದದ್ದು. 100 ಅಂದರೆ ಒಂದು ಟೈರ್ 800 ಕೆಜಿ ಹೊರಬಲ್ಲದು, ಎಸ್ ಅಂದರೆ ಗಂಟೆಗೆ 180 ಕಿ.ಮೀ. ತನಕ. ಜಿಮ್ನಿಗೆ ಎರಡೂ ಧಾರಾಳ ಸಾಕು. ಎಂ ಪ್ಲಸ್ ಎಸ್, ಅಂದರೆ ಕೆಸರು ಮತ್ತು ಹಿಮ, ಅಂತ ಅಚ್ಚು ಇದ್ದರೆ ಮರುಳಾಗಬೇಡಿ, ಟ್ರೆಡ್‌ನ ವಿನ್ಯಾಸ ನೋಡಿ ಹಾಕುವ ಗುರುತದು, ಕೆಸರಲ್ಲಿ ಓಡಿಸಿ ಕೊಟ್ಟ ಅಂಕ ಅಲ್ಲ. ತಯಾರಾದ ದಿನಾಂಕವನ್ನು ಮಾತ್ರ ಬಗ್ಗಿ ನೋಡಲೇಬೇಕು. 1424 ಅಂತಿದ್ದರೆ 2024ರ 14ನೇ ವಾರದ್ದು. ಐದೂ ಟೈರ್‌ಗಳನ್ನು ಹೀಗೆ ನೋಡಿ, ಒಂದರಲ್ಲಿ ಹಳೆಯ ತಾರೀಖು ಕಂಡಿತು, ವಾಪಸ್ ಕೊಟ್ಟು ಬೇರೆ ತರಿಸಿಕೊಂಡೆ. ಐದು ಯಾಕೆ? ಸ್ಟೆಪ್ನಿ ಹಳೆಯ ಅಳತೆಯದೇ ಉಳಿದರೆ, ಪಂಚರ್ ಆದ ದಿನ ಒಂದು ಚಕ್ರ ಬೇರೆ ವ್ಯಾಸದ್ದಾಗುತ್ತದೆ. ಆಗ ಫೋರ್ ವ್ಹೀಲ್ ಹಾಕಿದರೆ ಗೇರ್‌ಗಳ ಮೇಲೆ ಸುಮ್ಮನೆ ಎಳೆತ.

ಹಾಕಿಸಿದ ಮೇಲೆ ಏನಾಯಿತು ಅಂದರೆ, ಡಾಂಬರಿನಲ್ಲಿ ಸಣ್ಣ ಗುಂಯ್ ಸದ್ದು ಶುರುವಾಯಿತು, ಹಾಡು ಹಾಕಿದರೆ ಕೇಳಿಸುವುದಿಲ್ಲ. ಮೈಲೇಜ್ ಸ್ವಲ್ಪ ಇಳಿಯಿತು. ಸ್ಟೀರಿಂಗ್ ಕೊಂಚ ಭಾರ. ಪಾಚಿಯ ಏರಿನಲ್ಲಿ ಮೊದಲು ಓಟ ಕಿತ್ತು ಹತ್ತಿಸುತ್ತಿದ್ದೆ, ಈಗ ಲೋ ಗೇರಿನಲ್ಲಿ ನಿಧಾನವಾಗಿ ಹತ್ತುತ್ತದೆ. ಆದರೆ ಇದರಲ್ಲಿ ಅರ್ಧ ಪಾಲು ಗಾಳಿಯದು. ಮಳೆಗಾಲದಲ್ಲಿ ತೋಟದೊಳಗೆ 18ರಿಂದ 20 ಪಿ.ಎಸ್.ಐ.ಗೆ ಇಳಿಸುತ್ತೇನೆ. 15ರ ಕೆಳಗೆ ಹೋದರೆ ತಿರುವಿನಲ್ಲಿ ಟೈರ್ ರಿಮ್ಮಿನಿಂದ ಕಳಚಿಕೊಳ್ಳಬಹುದು, ಹೋಗಬೇಡಿ. ಮತ್ತೆ ಡಾಂಬರಿಗೆ ಬರುವ ಮೊದಲು ಬಾಗಿಲ ಬಳಿಯ ಸ್ಟಿಕರಿನಲ್ಲಿ ಹೇಳಿದಷ್ಟು ತುಂಬಲೇಬೇಕು, ಇಲ್ಲದಿದ್ದರೆ ವೇಗದಲ್ಲಿ ಟೈರ್ ಕಾದು ಹಾಳಾಗುತ್ತದೆ. ಬ್ಯಾಟರಿಗೆ ಸಿಕ್ಕಿಸುವ ಕಂಪ್ರೆಸರ್ ಒಂದನ್ನು ಟೈರ್ ಜೊತೆಗೇ ಕೊಂಡೆ, ಬಜೆಟ್ ಹಾಕುವಾಗ ಅದನ್ನೂ ಸೇರಿಸಿಕೊಳ್ಳಿ.