ಕಬ್ಬಿನ ಬಿಲ್ಲಿನಲ್ಲಿ ಪೈಸೆ ತಪ್ಪದಂತೆ ಡೇಟಾಬೇಸ್ ಕಟ್ಟುವುದು ಹೇಗೆ?

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಮುಧೋಳ, ಜಮಖಂಡಿ, ಗೋಕಾಕ, ಅಥಣಿ ಭಾಗದ ರೈತರ ಜೇಬಿನಲ್ಲಿ ತೂಕದ ಚೀಟಿಗಳು ಸೇರತೊಡಗುತ್ತವೆ. ಚೀಟಿಯ ಮೇಲೆ 23.455 ಟನ್ ಎಂದಿದ್ದರೆ ಕೊನೆಯ ಅಂಕಿಯ ಬೆಲೆ ಐದು ಕಿಲೋ ಕಬ್ಬು. ಬೆಳೆದು, ಕಡಿದು, ಗಾಡಿಗೆ ಹೇರಿದ ಕಬ್ಬು ಅದು. ಈ ಚೀಟಿಗಳ ಲೆಕ್ಕವಿಡುವ ವೆಬ್ ಆ್ಯಪ್ ಬರೆಯುವವರು ಆ ಅಂಕಿಯನ್ನು ಇದ್ದಂತೆಯೇ ಕಾಪಾಡಬೇಕು. ಅದಕ್ಕೆ ಬೇಕಾದ ತೀರ್ಮಾನಗಳನ್ನೆಲ್ಲ ಮಾಡೆಲ್ (ಡೇಟಾಬೇಸಿನ ಕಾಲಂಗಳನ್ನು ವಿವರಿಸುವ ಕೋಡ್) ಬರೆಯುವ ದಿನವೇ ಮಾಡಿಕೊಳ್ಳಬೇಕು. ಇಲ್ಲಿ ಪೈಥಾನ್ ಭಾಷೆಯಲ್ಲಿ ವೆಬ್ ಆ್ಯಪ್ ಕಟ್ಟುವ ಚೌಕಟ್ಟಾದ ಜಾಂಗೊ ಮತ್ತು ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ಇಟ್ಟುಕೊಂಡು ವಿವರಿಸಿದ್ದೇನೆ.

ಹೆಜ್ಜೆ 1: ಫ್ಲೋಟ್ ಬೇಡ

ದಶಮಾಂಶ ಸಂಖ್ಯೆ ಎಂದೊಡನೆ ಹೊಸಬರ ಕೈ ಫ್ಲೋಟ್‌ಫೀಲ್ಡ್ (ಫ್ಲೋಟ್ ಮಾದರಿಯ ಸಂಖ್ಯೆ ಇಡುವ ಜಾಂಗೊ ಕಾಲಂ) ಕಡೆಗೆ ಹೋಗುತ್ತದೆ. ಹಣಕ್ಕೂ ತೂಕಕ್ಕೂ ಅದು ತಕ್ಕದ್ದಲ್ಲ. ಕಂಪ್ಯೂಟರುಗಳು ಪಾಲಿಸುವ ಐಇಇಇ 754 ಮಾನದಂಡದ ಪ್ರಕಾರ ಫ್ಲೋಟ್ ಸಂಖ್ಯೆಯನ್ನು ಎರಡರ ಘಾತಗಳಲ್ಲಿ ಬರೆದಿಡಲಾಗುತ್ತದೆ. ಅರ್ಧ, ಕಾಲು, ಅರೆಕಾಲು ಅದರಲ್ಲಿ ಸರಿಯಾಗಿ ಕೂರುತ್ತವೆ. ಹತ್ತನೆಯ ಒಂದು ಭಾಗ ಕೂರುವುದಿಲ್ಲ. ಮೂರನೆಯ ಒಂದು ಭಾಗವನ್ನು ನಾವು 0.333 ಎಂದು ಎಷ್ಟು ಉದ್ದ ಬರೆದರೂ ಮುಗಿಯುವುದಿಲ್ಲವಲ್ಲ, ಕಂಪ್ಯೂಟರಿಗೆ 0.1 ಕೂಡ ಹಾಗೆಯೇ. ಪೈಥಾನ್‌ನಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ: 0.30000000000000004 ಬರುತ್ತದೆ. 2.675ನ್ನು ಎರಡು ಸ್ಥಾನಕ್ಕೆ ದುಂಡಾಗಿಸಲು ಹೇಳಿದರೆ 2.68ರ ಬದಲು 2.67 ಸಿಗುತ್ತದೆ, ಏಕೆಂದರೆ ಒಳಗೆ ಉಳಿದಿರುವ ಸಂಖ್ಯೆಯೇ 2.675ಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಮಳೆಯ ಅಳತೆ, ಮಣ್ಣಿನ ತೇವಾಂಶ, ನಕ್ಷೆಯ ಅಕ್ಷಾಂಶಗಳಿಗೆ ಫ್ಲೋಟ್ ಧಾರಾಳವಾಗಿ ಬಳಸಿ. ಯಾರಿಗಾದರೂ ಹಣ ಕೊಡಬೇಕಾದ ಕಡೆ ಬೇಡ.

ಹೆಜ್ಜೆ 2: ಅಂಕಿಗಳನ್ನು ಎಣಿಸಿ

ಫ್ಲೋಟ್ ಬದಲು ಬಳಸಬೇಕಾದ ಜಾಂಗೊದ ಡೆಸಿಮಲ್‌ಫೀಲ್ಡ್ ಎರಡು ವಿವರ ಕೇಳುತ್ತದೆ: ಮ್ಯಾಕ್ಸ್ ಡಿಜಿಟ್ಸ್ ಮತ್ತು ಡೆಸಿಮಲ್ ಪ್ಲೇಸಸ್. ಮೊದಲನೆಯದು ಬಿಂದುವಿನ ಎರಡೂ ಬದಿಯ ಒಟ್ಟು ಅಂಕಿಗಳ ಸಂಖ್ಯೆ. ಬಹಳ ಜನ ಅದನ್ನು ಬಿಂದುವಿನ ಎಡಬದಿಯ ಅಂಕಿಗಳೆಂದು ತಿಳಿಯುತ್ತಾರೆ. 5 ಮತ್ತು 2 ಎಂದು ಕೊಟ್ಟರೆ ಹಿಡಿಯುವುದು 999.99ರವರೆಗೆ ಮಾತ್ರ, ಸಾವಿರ ರೂಪಾಯಿಯ ಬಿಲ್ಲಿಗೂ ಜಾಗವಿಲ್ಲ.

ತೂಕಕ್ಕೆ 8 ಮತ್ತು 3 ಸಾಕು. ಮೊತ್ತಕ್ಕೆ 12 ಮತ್ತು 2 ಇಟ್ಟರೆ ಸಾವಿರ ಕೋಟಿಗೆ ಒಂದು ಪೈಸೆ ಕಡಿಮೆಯವರೆಗೂ ಹಿಡಿಯುತ್ತದೆ. ದರದ ವಿಷಯದಲ್ಲಿ ತುಸು ನಿಂತು ಯೋಚಿಸಬೇಕು. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ಎಫ್‌ಆರ್‌ಪಿ (ಕಬ್ಬಿನ ನ್ಯಾಯಯುತ ಮತ್ತು ಲಾಭದಾಯಕ ಬೆಲೆ), ಶೇ 10.25 ಇಳುವರಿಗೆ (ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ) ಕ್ವಿಂಟಲ್‌ಗೆ ₹340. ಮೇಲಿನ ಪ್ರತಿ ಶೇ 0.1 ಇಳುವರಿಗೆ ₹3.32 ಹೆಚ್ಚು. ಇಳುವರಿ ಶೇ 10.85 ಇದ್ದರೆ ಕ್ವಿಂಟಲ್‌ಗೆ ₹359.92, ಟನ್‌ಗೆ ₹3,599.20. ಇದನ್ನು 23.455 ಟನ್‌ಗೆ ಗುಣಿಸಿದರೆ ಬರುವುದು ₹84,419.236. ಪೈಸೆಗಿಂತ ಸಣ್ಣ ಅಂಕಿ ಹುಟ್ಟಿತು ನೋಡಿ. ಹಾಗಾಗಿ ದರದ ಕಾಲಂಗೆ ನಾಲ್ಕು ದಶಮಾಂಶ ಸ್ಥಾನ ಕೊಡುವುದು ಒಳ್ಳೆಯದು, ಮೊತ್ತಕ್ಕೆ ಎರಡೇ ಇರಲಿ. ಪೋಸ್ಟ್‌ಗ್ರೆಸ್‌ನಲ್ಲಿ ಇವು ನ್ಯೂಮರಿಕ್ ಮಾದರಿಯ ಕಾಲಂಗಳಾಗುತ್ತವೆ, ಅಂಕಿಗಳು ದಶಮಾಂಶದಲ್ಲೇ ಉಳಿಯುತ್ತವೆ.

ಅಭ್ಯಾಸಕ್ಕೆ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಬಳಸುವವರು ಗಮನಿಸಿ: ಅದರಲ್ಲಿ ನಿಜವಾದ ದಶಮಾಂಶ ಮಾದರಿಯೇ ಇಲ್ಲ. ಮಾಡೆಲ್‌ನಲ್ಲಿ ಡೆಸಿಮಲ್ ಎಂದು ಬರೆದರೂ ಒಳಗೆ ಅದು ಫ್ಲೋಟ್ ಆಗಿ ಕೂರುತ್ತದೆ. ಬಿಲ್ಲಿನ ಲೆಕ್ಕವನ್ನು ಅದರ ಮೇಲೆ ಪರೀಕ್ಷಿಸಿ ನೆಮ್ಮದಿಯಿಂದಿರಬೇಡಿ.

ಹೆಜ್ಜೆ 3: ಒಳಬರುವ ಸಂಖ್ಯೆ ಪಠ್ಯವಾಗಿಯೇ ಬರಲಿ

ಪೈಥಾನ್‌ನಲ್ಲಿ ಡೆಸಿಮಲ್ (ದಶಮಾಂಶವನ್ನು ಇದ್ದಂತೆಯೇ ಇಡುವ ಸಂಖ್ಯಾ ಮಾದರಿ) ಮೌಲ್ಯವನ್ನು ಉದ್ಧರಣ ಚಿಹ್ನೆಯೊಳಗಿನ ಪಠ್ಯದಿಂದ ರಚಿಸಿ. ಚಿಹ್ನೆ ಬಿಟ್ಟು ಬರಿಯ 0.1 ಕೊಟ್ಟರೆ ಫ್ಲೋಟ್‌ನ ದೋಷವೆಲ್ಲ ಡೆಸಿಮಲ್‌ಗೆ ಹಾಗೆಯೇ ದಾಟುತ್ತದೆ. ಅಲ್ಪವಿರಾಮ ಹಾಕಿದ 1,25,000.50 ಎಂಬ ಬರಹವನ್ನು ಡೆಸಿಮಲ್ ಒಪ್ಪುವುದಿಲ್ಲ, ವಿರಾಮ ತೆಗೆದು ಕೊಡಿ. ಆದರೆ ೨೩.೪೫೫ ಎಂದು ಕನ್ನಡ ಅಂಕಿಗಳಲ್ಲಿ ಬರೆದದ್ದನ್ನೂ ಅದು ನೇರವಾಗಿ ಓದುತ್ತದೆ. ಈ ಸೌಲಭ್ಯವನ್ನು ನಮ್ಮ ಆ್ಯಪ್‌ಗಳು ಇನ್ನಷ್ಟು ಬಳಸಿಕೊಳ್ಳಬೇಕು ಎಂಬುದು ನನ್ನ ಆಸೆ.

ಜೇಸನ್ (ಸರ್ವರ್ ಮತ್ತು ಬ್ರೌಸರ್ ನಡುವೆ ದತ್ತಾಂಶ ಸಾಗಿಸುವ ಪಠ್ಯರೂಪ) ಮೂಲಕ ಬ್ರೌಸರಿಗೆ ಕಳಿಸುವಾಗಲೂ ಪಠ್ಯವಾಗಿಯೇ ಕಳಿಸಿ. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಗಳೆಲ್ಲ ಫ್ಲೋಟ್. ಪರದೆಯ ಮೇಲೆ ಅಂದಾಜು ಮೊತ್ತ ತೋರಿಸುವುದಕ್ಕೆ ಅಡ್ಡಿಯಿಲ್ಲ, ಉಳಿಸುವ ಮೊತ್ತವನ್ನು ಸರ್ವರ್ ಲೆಕ್ಕ ಹಾಕಲಿ.

ಹೆಜ್ಜೆ 4: ಎಲ್ಲಿ ದುಂಡಾಗಿಸಬೇಕೆಂದು ಬರೆದಿಡಿ

ಜಗಳ ಹುಟ್ಟುವ ಜಾಗ ಇದು. ಮೇಲಿನಂಥ ಹತ್ತು ಚೀಟಿಗಳಿವೆ ಎನ್ನಿ. ಪ್ರತಿ ಚೀಟಿಯನ್ನೂ ₹84,419.24 ಎಂದು ದುಂಡಾಗಿಸಿ ಕೂಡಿದರೆ ₹8,44,192.40. ಮೊದಲು ಕೂಡಿ ಆಮೇಲೆ ದುಂಡಾಗಿಸಿದರೆ ₹8,44,192.36. ನಾಲ್ಕು ಪೈಸೆ ದೊಡ್ಡದಲ್ಲ, ಆದರೆ ಚೀಟಿಗಳನ್ನು ಕೈಯಲ್ಲಿ ಹಿಡಿದು ಕೂಡಿಸಿದ ರೈತರ ಲೆಕ್ಕಕ್ಕೂ ಪರದೆಯ ಲೆಕ್ಕಕ್ಕೂ ತಾಳೆಯಾಗದಿದ್ದರೆ ಅವರು ಉಳಿದ ಅಂಕಿಗಳನ್ನು ಏಕೆ ನಂಬಬೇಕು? ಆದ್ದರಿಂದ ಚೀಟಿಯ ಮಟ್ಟದಲ್ಲೇ ದುಂಡಾಗಿಸಿ, ಆ ಮೊತ್ತವನ್ನು ಕಾಲಂನಲ್ಲಿ ಉಳಿಸಿ, ಉಳಿಸಿದ ಮೊತ್ತಗಳನ್ನೇ ಕೂಡಿ ಎನ್ನುತ್ತೇನೆ.

ದುಂಡಾಗಿಸುವ ನಿಯಮವನ್ನೂ ಬಾಯಿಬಿಟ್ಟು ಹೇಳಬೇಕು. ಪೈಥಾನ್ ಡೆಸಿಮಲ್‌ನ ಪೂರ್ವನಿಯೋಜಿತ ನಿಯಮದಲ್ಲಿ ಸರಿಯಾಗಿ ಅರ್ಧ ಬಂದಾಗ ಸಮ ಅಂಕಿಯ ಕಡೆಗೆ ವಾಲುತ್ತದೆ: 2.665 ಎಂಬುದು 2.66 ಆಗುತ್ತದೆ. ಪೋಸ್ಟ್‌ಗ್ರೆಸ್ ನ್ಯೂಮರಿಕ್ ಅದನ್ನೇ 2.67 ಮಾಡುತ್ತದೆ. ಶಾಲೆಯಲ್ಲಿ ಕಲಿತದ್ದೂ ಎರಡನೆಯದೇ. ಡೆಸಿಮಲ್ ಅನ್ನು ದುಂಡಾಗಿಸುವ ಕ್ವಾಂಟೈಜ್ ಕರೆಯುವಾಗ ರೌಂಡ್ ಹಾಫ್ ಅಪ್ (ಅರ್ಧ ಬಂದರೆ ಮೇಲಕ್ಕೆ) ಎಂದು ಸ್ಪಷ್ಟವಾಗಿ ಕೊಡಿ, ಅದನ್ನು ಒಂದೇ ಫಂಕ್ಷನ್‌ನಲ್ಲಿಟ್ಟು ಎಲ್ಲೆಡೆ ಅದನ್ನೇ ಬಳಸಿ. ಸೇವ್ ಮಾಡುವಾಗ ಜಾಂಗೊ ಹೆಚ್ಚುವರಿ ಅಂಕಿಗಳನ್ನು ತಾನೇ ಸದ್ದಿಲ್ಲದೆ ದುಂಡಾಗಿಸಬಹುದು. ಫಾರ್ಮ್ ಮೂಲಕ ಬಂದಾಗ ಮಾತ್ರ ತಪ್ಪೆಂದು ಹೇಳುತ್ತದೆ. ಸ್ಕ್ರಿಪ್ಟ್‌ನಿಂದ ದತ್ತಾಂಶ ತುಂಬುವಾಗ, ಉಳಿಸುವ ಮುನ್ನ ಮೌಲ್ಯಗಳನ್ನು ಪರಿಶೀಲಿಸುವ ಫುಲ್ ಕ್ಲೀನ್ ಕರೆಯಲು ಮರೆಯಬೇಡಿ.

ಎಲ್ಲವನ್ನೂ ಪೈಸೆಗೆ ಬದಲಿಸಿ ಪೂರ್ಣಾಂಕವಾಗಿ ಇಡುವ ದಾರಿಯೂ ಇದೆ. ಬರಿಯ ಹಣ ಪಾವತಿಯ ಆ್ಯಪ್‌ಗೆ ಅದು ಚೆನ್ನ. ತೂಕ, ಇಳುವರಿ, ದರ ಮೂರೂ ಸೇರುವ ಕಬ್ಬಿನ ಲೆಕ್ಕಕ್ಕೆ ಡೆಸಿಮಲ್ ಓದಲು ಸುಲಭ.

ಹೆಜ್ಜೆ 5: ಹಳೆಯ ಫ್ಲೋಟ್ ಕಾಲಂ ಬದಲಿಸುವುದು

ಈಗಾಗಲೇ ಓಡುತ್ತಿರುವ ಆ್ಯಪ್ ಇದ್ದರೆ ಮೊದಲು ಪೂರ್ತಿ ಬ್ಯಾಕಪ್ ತೆಗೆದುಕೊಳ್ಳಿ. ಹಳೆಯ ಕಾಲಂ ಮುಟ್ಟದೆ ಪಕ್ಕದಲ್ಲಿ ಹೊಸ ಡೆಸಿಮಲ್ ಕಾಲಂ ಸೇರಿಸಿ, ಮೈಗ್ರೇಶನ್ (ಡೇಟಾಬೇಸಿನ ಬದಲಾವಣೆ ಮಾಡುವ ಜಾಂಗೊ ಕಡತ) ಮೂಲಕ ಮೌಲ್ಯಗಳನ್ನು ತುಂಬಿ. ಬಳಿಕ ಹಂಗಾಮುವಾರು, ರೈತವಾರು ಮೊತ್ತಗಳನ್ನು ಎರಡೂ ಕಾಲಂಗಳಿಂದ ತೆಗೆದು ಹೋಲಿಸಿ. ವ್ಯತ್ಯಾಸ ಕಂಡ ಸಾಲುಗಳಿಗೆ ಮೂಲ ತೂಕದ ಚೀಟಿಯೇ ಪ್ರಮಾಣ. ಕಾಗದ ನೋಡಿ ತಿದ್ದಿ. ಅದು ಮುಗಿಯುವವರೆಗೆ ಹಳೆಯ ಕಾಲಂ ಅಳಿಸಬೇಡಿ.