ಡಾಂಗಲ್ ಬದಲಿಸಿದೆ, ಗೆದ್ದಿದ್ದು ಮಾತ್ರ ಕೇಬಲ್

ಅಡುಗೆಮನೆಯ ಜಿಗ್ಬೀ (ಸ್ಮಾರ್ಟ್ ಮನೆಯ ಸಾಧನಗಳು ತಂತಿಯಿಲ್ಲದೆ ಮಾತಾಡುವ ಪದ್ಧತಿ) ಸೆನ್ಸರ್ ದಿನಕ್ಕೆರಡು ಸಲ ನೆಟ್‌ವರ್ಕಿನಿಂದ ಮಾಯವಾಗುತ್ತಿತ್ತು. ಈ ಸಾಧನಗಳ ಜೊತೆ ಮಾತಾಡಲು ಕಂಪ್ಯೂಟರಿಗೆ ಸಿಕ್ಕಿಸಿದ್ದ ಹಳೆಯ ಅಗ್ಗದ ಡಾಂಗಲ್‌ನದೇ ತಪ್ಪು ಅಂದುಕೊಂಡು, ಸಿಸಿ2652ಪಿ ಎಂಬ ರೇಡಿಯೊ ಚಿಪ್ ಮತ್ತು ಹೊರಗೆ ಆಂಟೆನಾ ಇರುವ ಹೊಸದನ್ನು ತಂದೆ. ಎಲ್ಲ ಬಲ್ಬು, ಸ್ವಿಚ್‌ಗಳನ್ನು ಮತ್ತೆ ಜೋಡಿಸಲು ಒಂದಿಡೀ ಭಾನುವಾರ ಹೋಯಿತು. ಆದರೂ ಅದೇ ರಗಳೆ!

ಆಮೇಲೆ ಹೊಳೆಯಿತು. ಡಾಂಗಲನ್ನು ಯುಎಸ್‌ಬಿ 3.0 ಪೋರ್ಟಿಗೆ, ಹಾರ್ಡ್ ಡಿಸ್ಕ್ ಪಕ್ಕದಲ್ಲೇ ಸಿಕ್ಕಿಸಿದ್ದೆ. ಆ ಪೋರ್ಟಿನ ರೇಡಿಯೊ ಗದ್ದಲ ಬರುವುದು 2.4 ಗಿಗಾಹರ್ಟ್ಸ್ ಸುತ್ತಮುತ್ತ. ಜಿಗ್ಬೀ ಮಾತಾಡುವುದೂ ಅಲ್ಲೇ. ಪಕ್ಕದಲ್ಲಿ ಡೊಳ್ಳು ಬಾರಿಸುತ್ತಿದ್ದರೆ ಪಿಸುಮಾತು ಕೇಳುತ್ತದಾ? ಒಂದೂವರೆ ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ತಂದು, 2.0 ಪೋರ್ಟಿಗೆ ಹಾಕಿ, ಡಾಂಗಲನ್ನು ಗೋಡೆಗೇರಿಸಿದೆ. ಜಿಗ್ಬೀ ಚಾನೆಲ್ 25ರಲ್ಲಿತ್ತು, ಎರಡೂ ಒಂದಕ್ಕೊಂದು ಅಡ್ಡ ಬರದಿರಲಿ ಅಂತ ವೈಫೈಯನ್ನು ಅದರ ಚಾನೆಲ್ 1ಕ್ಕೆ ಇಳಿಸಿದೆ.

ಮೂರು ವಾರವಾಯಿತು, ಸೆನ್ಸರ್ ಒಮ್ಮೆಯೂ ತಪ್ಪಿಸಿಕೊಂಡಿಲ್ಲ. ಹಳೆಯ ಡಾಂಗಲ್ ಪಾಪ, ಸುಮ್ನೆ ಬೈಸಿಕೊಂಡಿತು.